ಬಾಂಬಿನೂರಿಗೆ ಹೊಸಕೋಟೆ ನೀರು

ವೈ.ಎನ್.ಹೊಸಕೋಟೆ

ನನ್ನ ಭಾವ ಚನ್ನಬಸಪ್ಪ ಮೊದಲ ಸಲ ವಿದೇಶಕ್ಕೆ ಹೊರಟಾಗ ಅವರ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ನೀರೇ ಹೆಚ್ಚಾಗಿತ್ತು. ಊರಿನ ಶುದ್ಧ ನೀರಿನ ಘಟಕದಲ್ಲಿ ಹಿಡಿದು ಬಾಟಲಿಗಳಿಗೆ ತುಂಬಿಸಿ, ಒಂದೊಂದನ್ನೂ ಹಳೆಯ ಟವೆಲ್‌ನಲ್ಲಿ ಸುತ್ತಿ ಜೋಡಿಸಿದ್ದರು. ಪಕ್ಕದಲ್ಲಿ ರಾಗಿ ಹಿಟ್ಟು, ಶೇಂಗಾ ಚಟ್ನಿಪುಡಿ.

"ಆ ಊರಿನ ಒಂದು ತೊಟ್ಟು ನೀರೂ ನಾನು ಮುಟ್ಟಲ್ಲ ಕಣಯ್ಯ" ಎಂದರು.

ಆ ಊರು ಕಜಕಸ್ತಾನದ ಸೆಮೆಯ್. ಭಾವನ ಮಗಳು ಸಹನಾ ಅಲ್ಲಿ ಮೂರನೇ ವರ್ಷದ ವೈದ್ಯಕೀಯ ಓದುತ್ತಿದ್ದಳು. ಎರಡೂವರೆ ವರ್ಷ ಯಾರಿಗೂ ತೊಂದರೆ ಇರಲಿಲ್ಲ. ಪಾವಗಡ ತಾಲ್ಲೂಕಿನ ಹೊಸಕೋಟೆಯಲ್ಲಿ ಕಡಲೆಕಾಯಿ ಸುಲಿಯುವ ಮಿಲ್ ನಡೆಸುವ ಭಾವ ಶಿರಾ ಮಂಡಿಗೆ ಬೀಜ ಹಾಕಲು ಹೋದಾಗ ಯಾರೋ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಸೋವಿಯತ್ ಒಕ್ಕೂಟ ನಲವತ್ತು ವರ್ಷ ಅಣುಬಾಂಬುಗಳನ್ನು ಸಿಡಿಸಿ ನೋಡಿದ್ದು ಆ ಊರಿನ ಆಚೆಯ ಬಯಲಿನಲ್ಲಿ. ವಿಡಿಯೊ ಕೊರಟಗೆರೆಗೂ ಹೋಯಿತು. ಅಲ್ಲಿನ ಒಂದು ಮನೆಯವರೊಂದಿಗೆ ಸಹನಾಳ ಸಂಬಂಧದ ಮಾತು ನಡೆದಿತ್ತು. ಹುಡುಗಿಯನ್ನು ಈಗಲೇ ಕರೆಸಿಕೊಂಡರೆ ಮುಂದಿನ ಮಾತು, ಇಲ್ಲದಿದ್ದರೆ ಇಲ್ಲ ಎಂದು ಅವರು ಹೇಳಿ ಕಳಿಸಿದರು. ನನ್ನ ಅಕ್ಕ ಶಾರದಮ್ಮ ಊಟ ಬಿಟ್ಟು ಕುಳಿತಳು.

ಹಾಗಾಗಿ ಹೋಗಲು ಎರಡು ಟಿಕೆಟ್, ಬರಲು ಮೂರು. ಮೂರನೆಯದರ ವಿಷಯ ಸಹನಾಳಿಗೆ ತಿಳಿಸಿರಲಿಲ್ಲ.

ನಾನು ಮಧುಗಿರಿಯವನು, ತುಮಕೂರಿನ ಪತ್ರಿಕೆಯೊಂದರಲ್ಲಿ ಉಪಸಂಪಾದಕ. ನನ್ನನ್ನು ಕರೆದೊಯ್ಯಲು ಭಾವ ಕೊಟ್ಟ ಕಾರಣ ಹೀಗಿತ್ತು: "ನಿಂಗೆ ಇಂಗ್ಲಿಷ್ ಬರ್ತೈತೆ. ಅಳೋರ್ನ ನೋಡಿ ನೀನು ಅಳಲ್ಲ."

ಅದು ಮೇ ತಿಂಗಳ ಮೊದಲ ವಾರ. ಕಾಶ್ಮೀರದಲ್ಲಿ ಪ್ರವಾಸಿಗರನ್ನು ಕೊಂದ ದಾಳಿಯ ನಂತರದ ದಿನಗಳು. ಪಾಕಿಸ್ತಾನದ ಆಕಾಶ ನಮ್ಮ ವಿಮಾನಗಳಿಗೆ ಮುಚ್ಚಿತ್ತು. ಆದ್ದರಿಂದ ಕೊಲ್ಲಿಯ ದಾರಿ ಹಿಡಿದು ಸುತ್ತಿ ಹೋದೆವು.

ಅಲ್ಮಾಟಿ

ದಾರಿಯಲ್ಲಿ ಎಲ್ಲೋ ಒಂದು ಬಾಟಲಿಯ ಮುಚ್ಚಳ ಸಡಿಲವಾಗಿತ್ತು. ಅಲ್ಮಾಟಿ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಹೆಣ್ಣುಮಗಳು ಸೂಟ್‌ಕೇಸ್ ತೆರೆಸಿದಾಗ ರಾಗಿ ಹಿಟ್ಟು ತಾನಾಗಿ ಕಲಸಿಕೊಂಡು ಭಾವನ ಎರಡು ಅಂಗಿಗಳನ್ನು ಹಿಡಿದುಕೊಂಡಿತ್ತು. ಆಕೆ ಕೈಗವಸು ಹಾಕಿಕೊಂಡಳು. ಇನ್ನೊಬ್ಬನನ್ನು ಕರೆದಳು. ಅವನು ಮೂಸಿ ನೋಡಿದ.

"ಫುಡ್" ಎಂದೆ.

ಆಕೆ ಬಾಟಲಿಗಳತ್ತ ಬೆರಳು ತೋರಿಸಿ ಅದೇನೆಂದು ಕೇಳಿದಳು. ನೀರು ಎಂದೆ. ಎಲ್ಲವೂ ನೀರೇ ಎಂದಾಗ ಅವರಿಬ್ಬರೂ ಮುಖ ನೋಡಿಕೊಂಡರು. ತಮ್ಮ ದೇಶಕ್ಕೆ ನೀರು ಹೊತ್ತು ತಂದವನ ಮೇಲೆ ಯಾವ ನಿಯಮ ಹಾಕಬೇಕೆಂದು ಅವರಿಗೆ ತೋಚಲಿಲ್ಲ. ಕೈ ಬೀಸಿ ಕಳಿಸಿದರು.

"ಉಳ್ದಿರೋ ಹಿಟ್ಟು ಮುದ್ದೆಗಾಗ್ತೈತೆ ಬುಡು" ಎಂದು ಭಾವ ಅಂಗಿಯಿಂದ ಹಿಟ್ಟು ಕೆರೆಯುತ್ತಾ ನಡೆದರು.

ರೈಲಿನಲ್ಲಿ

ಅಲ್ಲಿಂದ ಸೆಮೆಯ್‌ಗೆ ರೈಲು. ಅಲ್ಲಿಯ ಜನ ರೈಲು ಹತ್ತಿದ ಕೂಡಲೇ ಬೂಟು ಕಳಚಿ ಚಪ್ಪಲಿ ಹಾಕಿಕೊಳ್ಳುತ್ತಾರೆ, ಮನೆಯ ಬಟ್ಟೆ ತೊಡುತ್ತಾರೆ, ಮೇಜಿನ ಮೇಲೆ ಬಟ್ಟೆ ಹಾಸಿ ರೊಟ್ಟಿ, ಬೇಯಿಸಿದ ಮೊಟ್ಟೆ, ಜಾಮು ಹರಡುತ್ತಾರೆ. ಬೋಗಿಯ ತುದಿಯಲ್ಲಿ ಬಿಸಿನೀರಿನ ದೊಡ್ಡ ಕೊಳಗ. ಎಲ್ಲರೂ ಲೋಟ ಹಿಡಿದು ಅಲ್ಲಿಗೆ ಹೋಗಿ ಬರುತ್ತಿದ್ದರು. ಭಾವ ಮಾತ್ರ ಹೊಸಕೋಟೆಯ ತಣ್ಣೀರು ಗುಟುಕರಿಸುತ್ತಾ ಕುಳಿತಿದ್ದರು.

ಕಿಟಕಿಯಾಚೆ ಮರವಿಲ್ಲದ ಬಯಲು ಮುಗಿಯುವಂತೆಯೇ ಕಾಣಲಿಲ್ಲ.

"ಇಲ್ಲಿಗೆ ಸೋಲಾರ್ ಕಂಪ್ನಿಯೋರು ಇನ್ನೂ ಬಂದಿಲ್ವಾ? ನಮ್ಮ ವಳ್ಳೂರು ಕಡೆ ಖಾಲಿ ಜಾಗ ಅಂತ ಹುಡುಕ್ಕಂಡ್ ಬಂದ್ರು" ಎಂದರು ಭಾವ.

"ವಳ್ಳೂರಲ್ಲಿ ಖಾಲಿ ಇರಲಿಲ್ಲವಲ್ಲ ಭಾವ. ಜನ ಇದ್ದರು, ಕುರಿ ಮೇಯುತ್ತಿದ್ದವು."

"ಆದ್ರೆ ಬಂದು ಕೇಳುದ್ರಪ್ಪ. ವರ್ಷ ವರ್ಷ ಗುತ್ತಿಗೆ ಕೊಡ್ತೀವಿ ಅಂತ ಸಹಿ ಹಾಕಿಸ್ಕಂಡ್ರು. ಇಲ್ಲ ಅನ್ನಂಗಿಲ್ಲ."

ಎದುರು ಸೀಟಿನ ವಯಸ್ಸಾದ ಗಂಡಸು ನಮ್ಮನ್ನು ನೋಡಿ ನಕ್ಕ. ಅವನ ಮೇಲಿನ ಸಾಲಿನ ಹಲ್ಲೆಲ್ಲ ಚಿನ್ನ. ಭಾವ ನನ್ನ ತೊಡೆ ಚಿವುಟಿದರು.

ಇಲ್ಲಿ ಪಾವಗಡ ಸೀಮೆಯವರ ಒಂದು ಅಭ್ಯಾಸ ಹೇಳಬೇಕು. ನಮ್ಮ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು, ಕುಡಿದವರ ಹಲ್ಲು ಕಂದಾಗುತ್ತದೆ. ಹೊಸ ಊರಿಗೆ ಹೋದರೆ ಕೊಟ್ಟ ನೀರನ್ನು ಕುಡಿಯುವ ಮೊದಲು ಅವರು ಆ ಊರಿನವರ ಹಲ್ಲು ನೋಡುತ್ತಾರೆ. ಕಂದು ಗೆರೆ ಕಂಡರೆ ಬಾಯಾರಿಕೆಯೇ ಇಲ್ಲ ಎನ್ನುತ್ತಾರೆ. ಭಾವನ ಹಲ್ಲುಗಳೇ ಹಳೆಯ ಹೆಂಚಿನ ಬಣ್ಣದವು. ಶುದ್ಧ ನೀರಿನ ಘಟಕ ಬರುವ ಮೊದಲು ಬೆಳೆದವರು.

"ನೋಡ್ದಾ? ಪೂರಾ ಹಲ್ಲು ಹೋಗವೆ. ಬಾಂಬಿನ ನೀರು" ಎಂದು ಪಿಸುಗುಟ್ಟಿದರು. ಮುಂದೆ ಇನ್ನೆರಡು ಚಿನ್ನದ ಬಾಯಿ ಕಂಡವು. ಸೆಮೆಯ್ ತಲುಪುವ ಹೊತ್ತಿಗೆ ಅವರ ತನಿಖೆ ಮುಗಿದಿತ್ತು.

ಸೆಮೆಯ್

ಸಹನಾ ಒಂದು ಮನೆಯ ಹಿಂಭಾಗದ ಕೋಣೆಯಲ್ಲಿ ಬಾಡಿಗೆಗಿದ್ದಳು. ಮನೆಯೊಡತಿ ರೌಷನ್. ಶಿರಾದ ಯಾವ ಬೀದಿಯಲ್ಲಾದರೂ ಕೇಳಬಹುದಾದ ಹೆಸರು. ಎಪ್ಪತ್ತು ದಾಟಿದ, ದಪ್ಪ ಮೈಯ, ತಲೆಗೆ ಹೂವಿನ ವಸ್ತ್ರ ಕಟ್ಟಿದ ಹೆಂಗಸು. ಅಜ್ಜಿಗೆ ಅವರು ಅಝೆ ಎನ್ನುತ್ತಾರೆ. ಭಾವ ಅಜ್ಜಿ ಎಂದೇ ಕರೆದರು, ಆಕೆ ಓಗೊಟ್ಟರು.

ಹಾಲು ಹಾಕಿದ ಕಡು ಟೀ ಬಂತು, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆಗಳು ಬಂದವು. ಆ ಮನೆಯ ಗಾಜಿನ ಕಪಾಟಿನಲ್ಲಿ ಪುಸ್ತಕಗಳಿದ್ದವು. ಟೀ ಕಪ್ಪು, ಬಟ್ಟಲುಗಳನ್ನು ಆಕೆ ನೆಲದ ಮೇಲಿನ ಮರದ ಪೆಟ್ಟಿಗೆಯಿಂದ, ಬಟ್ಟೆ ಬಿಡಿಸಿ ಬಿಡಿಸಿ ತೆಗೆದರು. ವಿಚಿತ್ರವೆನಿಸಿತು. ಕೇಳಲಿಲ್ಲ.

ಭಾವ ಟೀ ಮುಟ್ಟಲಿಲ್ಲ. ಅಜ್ಜಿ ಮಾತಾಡಿದಾಗಲೆಲ್ಲ ತಲೆ ಬಗ್ಗಿಸಿ ಆಕೆಯ ಬಾಯೊಳಗೆ ಇಣುಕುತ್ತಿದ್ದರು. ಅಲ್ಲೂ ನಾಲ್ಕು ಚಿನ್ನದ ಹಲ್ಲು.

"ಅಪ್ಪಾ, ಏನ್ ನೋಡ್ತಿದೀಯ ಅಂಗೆ?" ಎಂದಳು ಸಹನಾ.

"ಕೇಳಮ್ಮ, ಆ ಹಲ್ಲು ಹೆಂಗ್ ಹೋದ್ವು ಅಂತ."

ಸಹನಾ ಹಣೆ ಚಚ್ಚಿಕೊಂಡು ರಷ್ಯನ್‌ನಲ್ಲಿ ಕೇಳಿದಳು. ಅಜ್ಜಿ ಗಹಗಹಿಸಿ ನಕ್ಕು ಬಾಯಿ ಪೂರ್ತಿ ತೆರೆದು ಭಾವನ ಕಡೆ ತಿರುಗಿಸಿದರು. ನಂತರ ಹೇಳಿದ್ದನ್ನು ಸಹನಾ ಹೊಸಕೋಟೆ ಕನ್ನಡಕ್ಕೆ ತಂದಳು: "ಆಗಿನ ಕಾಲ್ದಾಗೆ ಕಾಸಿರೋರು ಮಾಡಿಸ್ಕಂತಿದ್ರಂತೆ. ಇವ್ರ ಮದ್ವೇಲಿ ಮಾಡಿಸಿದ್ದು. ಒಳ್ಳೇ ಹಲ್ಲನ್ನೇ ಉಜ್ಜಿ ಮೇಲೆ ಚಿನ್ನ ಹಾಕ್ಸಿದ್ದಂತೆ. ಫ್ಯಾಷನ್ನು ಕಣಪ್ಪ!"

"ಏಂಟಮ್ಮಾ ಇದಿ" ಎಂದು ಭಾವ ತೆಲುಗಿನಲ್ಲಿ ಗೊಣಗಿದರು. ಗಡಿಯೂರಿನವರು, ನಾಚಿಕೆಯಾದಾಗ ಅವರಿಗೆ ಬರುವುದು ತೆಲುಗೇ.

ಅಜ್ಜಿ ನಗು ನಿಲ್ಲಿಸಿ ಭಾವನ ಬಾಯಿಯನ್ನೇ ನೋಡತೊಡಗಿದರು. ಅವರೂ ತಲೆ ಬಗ್ಗಿಸಿ ಇಣುಕಿದರು. ದನಿ ತಗ್ಗಿಸಿ ಸಹನಾಳನ್ನು ಏನೋ ಕೇಳಿದರು. ಸಹನಾ ನಗಲೋ ಬೇಡವೋ ಎಂಬಂತೆ ನನ್ನ ಕಡೆ ನೋಡಿದಳು.

"ಏನಂತಮ್ಮ?"

"ಮಾವ, ಅಪ್ಪನ ಹಲ್ಲು ನೋಡಿ ಕೇಳ್ತಾವ್ರೆ. ನಿಮ್ಮೂರ ಹತ್ರಾನೂ ಬಾಂಬ್ ಸಿಡಿಸಿ ನೋಡಿದ್ರಾ ಅಂತ."

ಭಾವ ಬಾಯಿ ಮುಚ್ಚಿಕೊಂಡರು. ಆಮೇಲೆ, "ಇಲ್ಲ ಅನ್ನು. ನಮ್ದು ಬರೀ ನೀರು ಅನ್ನು" ಎಂದರು.

ಪೆಟ್ಟಿಗೆಯ ಕಪ್ಪುಗಳು

ಅಜ್ಜಿಯ ತವರು ಸೆಮೆಯ್‌ಗೂ ಆಚೆಯ ಒಂದು ಹಳ್ಳಿ. ಚಿಕ್ಕವರಿದ್ದಾಗ ಕೆಲವು ದಿನ ಸೈನಿಕರು ಬಂದು ಎಲ್ಲರೂ ಮನೆಯಿಂದ ಹೊರಗೆ ಬನ್ನಿ, ಹಳ್ಳದಲ್ಲಿ ಬೋರಲು ಮಲಗಿ ಎನ್ನುತ್ತಿದ್ದರು. ಏಕೆಂದು ಹೇಳುತ್ತಿರಲಿಲ್ಲ. ಮಕ್ಕಳು ಕದ್ದು ತಲೆ ಎತ್ತಿ ನೋಡುತ್ತಿದ್ದರು. ಮುಂದೆ ಸ್ಫೋಟಗಳು ನೆಲದೊಳಗೆ ಹೋದವು. ಆಗ ಮನೆ ಅದುರುತ್ತಿತ್ತು, ಕಪಾಟಿನ ಕಪ್ಪು ಬಿದ್ದು ಒಡೆಯುತ್ತಿದ್ದವು. ಒಡೆದು ಒಡೆದು ಸಾಕಾಗಿ ಆಕೆಯ ತಾಯಿ ಅವನ್ನು ನೆಲದ ಪೆಟ್ಟಿಗೆಗೆ ಇಳಿಸಿದರು. ಸ್ಫೋಟ ನಿಂತು ಮೂವತ್ತೈದು ವರ್ಷ ದಾಟಿದೆ. ಪೆಟ್ಟಿಗೆ ಅಜ್ಜಿಯ ಜೊತೆ ಸೆಮೆಯ್‌ಗೆ ಬಂತು, ಕಪ್ಪು ಇನ್ನೂ ಮೇಲೆ ಹೋಗಿಲ್ಲ. ಅಜ್ಜಿಯ ತಮ್ಮ ರಕ್ತದ ಕಾಯಿಲೆಯಲ್ಲಿ ಚಿಕ್ಕ ವಯಸ್ಸಿಗೇ ಹೋದ. ಬಾಂಬಿನಿಂದಲೇ ಎಂದು ಆಗ ಯಾವ ವೈದ್ಯರೂ ಬರೆದುಕೊಡಲಿಲ್ಲ.

ಕೊನೆಗೆ ಆಕೆ ಹೇಳಿದ ಮಾತನ್ನು ಸಹನಾ ಎರಡು ಸಲ ಕೇಳಿ ಖಚಿತಪಡಿಸಿಕೊಂಡು ಹೇಳಿದಳು: "ಆ ದೇಶ, ಈ ದೇಶ ಹಗೆ ಸಾಧಿಸ್ತಿದ್ವು. ಯುದ್ಧ ಆಗ್ಲೇ ಇಲ್ಲ. ಬಾಂಬ್ ಮಾತ್ರ ನಮ್ಮ ಮ್ಯಾಲೆ ಬಿತ್ತು."

ಸಹನಾಳ ಕಾಲೇಜಿನಲ್ಲಿ ನಾನು ಮಾತಾಡಿಸಿದ ಅಧ್ಯಾಪಕರೊಬ್ಬರು, ಆ ಬಯಲು ಊರಿನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ, ಊರಿನ ನೀರನ್ನು ಪರೀಕ್ಷಿಸುತ್ತಲೇ ಇರುತ್ತಾರೆ, ಭಯಪಡುವಂಥದ್ದಿಲ್ಲ ಎಂದರು. ನಾನು ಅಳೆದು ನೋಡಿಲ್ಲ. ಅವರು ಹೇಳಿದ್ದನ್ನು ಬರೆದಿದ್ದೇನೆ.

ಭಾವನಿಗೆ ಅದು ಸಾಲಲಿಲ್ಲ. ಆ ಸಂಜೆಯೇ ಮೂರನೇ ಟಿಕೆಟ್ಟಿನ ವಿಷಯ ಹೇಳಿಬಿಟ್ಟರು.

ಸಹನಾ ಅಳಲಿಲ್ಲ. "ಕೊರಟಗೆರೆಯೋರು ಅಂದ್ರು ಅಂತಾನಾ?" ಎಂದಳು.

"ನಿಮ್ಮವ್ವ ಊಟ ಬುಟ್ಟವ್ಳೆ ಕಣಮ್ಮ."

"ಪಾವಗಡದ ಬೋರ್‌ವೆಲ್ ನೀರು ಕುಡಿಸಿ ಬೆಳೆಸ್ದಾಗ ಯಾರೂ ಊಟ ಬಿಡ್ಲಿಲ್ಲ" ಎಂದು ಎದ್ದು ಹೋದಳು.

ಮರುದಿನ

ಬೆಳಿಗ್ಗೆ ಎದ್ದಾಗ ನನ್ನ ಫೋನು ತುಂಬಿಹೋಗಿತ್ತು. ಭಾರತ ಗಡಿಯಾಚೆ ಕ್ಷಿಪಣಿ ದಾಳಿ ನಡೆಸಿತ್ತು. ಅತ್ತಲಿಂದ ಗುಂಡು, ಡ್ರೋನ್. ಮುಂದಿನ ನಾಲ್ಕು ದಿನ ನಾವು ಸೆಮೆಯ್ ನೋಡಿದ್ದು ಕಡಿಮೆ, ಫೋನು ನೋಡಿದ್ದೇ ಹೆಚ್ಚು.

"ಕರಾಚಿಯ ಹಡಗಿನ ಬಂದ್ರೇ ಹೋಯ್ತಂತೆ ಕಣಯ್ಯ!" ಎಂದು ಭಾವ ಓಡಿಬಂದರು.

"ಯಾರು ಹೇಳಿದ್ದು?"

"ಟೀವೀಲಿ ಬತ್ತೈತೆ."

"ಟೀವಿಗೆ ಯಾರು ಹೇಳಿದ್ದು?"

"ನಿನ್ ಪೇಪರ್ ಬುದ್ಧಿ ಇಲ್ಲೂ ಬುಡಲ್ವಲ್ಲೋ!"

ಬಂದರು ಎಲ್ಲೂ ಹೋಗಿರಲಿಲ್ಲ. ಆದರೆ ಅದೇ ಸುಳ್ಳಿನಂಥದ್ದು ಆ ಕಡೆಯ ಜನರ ಫೋನುಗಳಲ್ಲೂ ಓಡುತ್ತಿದ್ದಿರಬೇಕು ಎಂಬುದು ನನ್ನನ್ನು ಕಾಡಿತು. ನಮ್ಮ ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಅದಕ್ಕೊಂದು ಮರುದಿನ ಬೇಕು. ಎರಡೂ ಕಡೆ ಅಣುಬಾಂಬು ಇರುವಲ್ಲಿ, ಬಂದದ್ದು ಎಂಥ ಕ್ಷಿಪಣಿ, ಯಾರ ಆದೇಶದಿಂದ ಬಂತು ಎಂದು ತಪ್ಪಾಗಿ ಓದಿಕೊಂಡರೆ ತಿದ್ದುವ ಹೊತ್ತು ಸಿಗುವುದಿಲ್ಲ. ಯಾರಿಗೂ ಬೇಡವಾದ ಯುದ್ಧವೂ ಹಾಗೆ ಶುರುವಾಗಬಹುದು. ನನ್ನೂರು ಮಧುಗಿರಿಯ ಬೆಟ್ಟದ ತುದಿಯಲ್ಲಿ ಕೋಟೆ ಇದೆ. ಶತ್ರು ನಡೆದು ಬರುತ್ತಿದ್ದ ಕಾಲದ್ದು. ಮೇಲಿನಿಂದ ಧೂಳು ಕಂಡ ಮೇಲೂ ಅವನು ಯಾರು, ಏಕೆ ಬಂದ ಎಂದು ಯೋಚಿಸಲು, ಆಳು ಕಳಿಸಿ ಕೇಳಲು ಸಮಯವಿತ್ತು. ಈಗ ಇರುವುದು ನಿಮಿಷಗಳು.

ಅಕ್ಕ ಫೋನು ಮಾಡಿದಳು. ಎರಡು ದಿನದ ಹಿಂದೆ ಮಗಳನ್ನು ಕರೆತಾರದೆ ಮನೆಗೆ ಬರಬೇಡಿ ಎಂದವಳು.

"ಲೋ ಮಂಜ, ಬೆಂಗ್ಳೂರಾಗೆ ಸೈರನ್ ಹೊಡ್ದು ಅಭ್ಯಾಸ ಮಾಡುಸ್ತಾವ್ರಂತೆ ಕಣೋ. ಅವ್ಳನ್ನ ಕರ್ಕಂಡ್ ಬಂದೀರ, ಜೋಕೆ. ನೀವೂ ಅಲ್ಲೇ ಇರ್ರಿ."

ಭಾವ ಫೋನು ಕಿತ್ತುಕೊಂಡರು. "ನೀನು ಒಬ್ಳೇ ಇದ್ದೀಯಲ್ಲೇ?"

"ನಂಗೇನು ಬುಡಿ. ಎರಡು ಹಸ ಅವೆ. ಹುಲ್ಲು ಹಾಕೋರ್ಯಾರು?"

ಭಾವ ಫೋನಿಟ್ಟು ನೆಲದ ಮೇಲೆ ಕುಳಿತರು. ಬಾಂಬಿನೂರಿನಿಂದ ಮಗಳನ್ನು ಬಿಡಿಸಿಕೊಂಡು ಹೋಗಲು ಬಂದಿದ್ದರು. ಹೋಗಬೇಕಾದ ಊರೇ ಈಗ ಹೀಗಾಗಿತ್ತು.

ಅಜ್ಜಿ ಅವರನ್ನು ಎಬ್ಬಿಸಿ ಅಡುಗೆಮನೆಯ ನೆಲದ ಹಲಗೆ ಎತ್ತಿ ತೋರಿಸಿದರು. ಕೆಳಗೆ ನೆಲಮಾಳಿಗೆ. ಆಲೂಗೆಡ್ಡೆ, ಉಪ್ಪಿನ ಸೌತೆಕಾಯಿಯ ಜಾಡಿಗಳು. ನಿಮ್ಮ ಮನೆಯಲ್ಲಿ ಇಂಥದ್ದು ಇದೆಯೇ, ನಿಮ್ಮಾಕೆ ಇಳಿದು ಕೂರಬಹುದೇ ಎಂದು ಕೇಳಿದರು.

"ನಮ್ಮೂರಾಗೆ ಮೂರಡಿ ತೋಡುದ್ರೆ ಬಂಡೆ. ಎಲ್ಲಿ ಅವಿತ್ಕಳಾದು? ಕಡ್ಲೆಕಾಯಿ ಗಿಡದ ಬುಡದಾಗಾ?" ಎಂದರು ಭಾವ. ನಕ್ಕರು. ನಗು ಅರ್ಧಕ್ಕೇ ನಿಂತಿತು. ಅಜ್ಜಿ ಟೀ ತಂದಿಟ್ಟಾಗ ಗಮನವಿಲ್ಲದೆ ಪೂರ್ತಿ ಕುಡಿದರು. ಸಹನಾ ಖಾಲಿ ಕಪ್ಪನ್ನು ನೋಡಿದಳು.

ಮತ್ತೊಂದು ಸಂಜೆ ಅಲ್ಲಿ ಹಳೆಯ ಮಹಾಯುದ್ಧದ ಗೆಲುವಿನ ಹಬ್ಬ. ಪಕ್ಕದ ಬೀದಿಯಲ್ಲಿ ಯಾರೋ ಪಟಾಕಿ ಹೊಡೆದರು. ಭಾವ ದಿಗ್ಗನೆ ಎದ್ದು ನಿಂತರು. ಅಜ್ಜಿ ಎದ್ದು ಹೋಗಿ ಮರದ ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಒತ್ತಿ ಹಿಡಿದರು. ಸದ್ದು ನಿಲ್ಲುವವರೆಗೆ ತೆಗೆಯಲಿಲ್ಲ.

ಇರ್ತಿಶ್ ನದಿಯ ದಂಡೆ

ಮರುದಿನ ಸಂಜೆಯ ಹೊತ್ತಿಗೆ ಕದನವಿರಾಮದ ಸುದ್ದಿ ಬಂತು. ಎರಡೂ ಸರ್ಕಾರಗಳ ಕಡೆಯಿಂದ ಬರುವವರೆಗೆ ನಾನು ಭಾವನಿಗೆ ಹೇಳಲಿಲ್ಲ. ಹೇಳಿದ ಸ್ವಲ್ಪ ಹೊತ್ತಿಗೆ ಅಕ್ಕನ ಫೋನು.

"ನಿಂತೋಯ್ತಂತಲ್ಲ. ಇನ್ನೇನು, ಹುಡುಗೀನ ಕರ್ಕಂಡ್ ಬನ್ರಿ."

ಭಾವ ಪಾಪದ ಮುಖ ಮಾಡಿ ನನ್ನ ಕಡೆ ನೋಡಿದರು. ನಮ್ಮ ವಿಮಾನ ಮೂರು ದಿನದಲ್ಲಿತ್ತು. ಮೂರು ಸೀಟು.

ಇರ್ತಿಶ್ ದೊಡ್ಡ ನದಿ. ಶಿರಾ, ಪಾವಗಡದ ಕಣ್ಣಿಗೆ ಅಷ್ಟು ನೀರು ಸುಮ್ಮನೆ ಹರಿದುಹೋಗುವುದು ಸಹಿಸಲಾಗದ ದೃಶ್ಯ. ದಂಡೆಯ ಬೆಂಚಿನ ಮೇಲೆ ಅಜ್ಜಿ, ಭಾವ, ಸಹನಾ, ನಾನು.

"ಅಜ್ಜೀನ ಕೇಳಮ್ಮ. ಅವ್ರ ಮಗಳಾಗಿದ್ರೆ ಇಲ್ಲಿ ಬುಡ್ತಿದ್ರಾ ಅಂತ" ಎಂದರು ಭಾವ.

ಸಹನಾ ಕೇಳಿದಳು. ಅಜ್ಜಿ ನದಿ ನೋಡುತ್ತಾ ಚಿಕ್ಕ ಉತ್ತರ ಕೊಟ್ಟರು.

"ಮೂರು ಮಕ್ಕಳನ್ನ ಇಲ್ಲೇ ಹೆತ್ತು ಬೆಳೆಸಿದ್ರಂತೆ. ಇರ್ತೀರಾ, ಹೋಗ್ತೀರಾ ಅಂತ ನಮ್ಮನ್ನ ಯಾರೂ ಕೇಳ್ಲಿಲ್ಲ ಅಂತಾರೆ." ಸಹನಾ ಅಪ್ಪನ ಕಡೆ ತಿರುಗಿದಳು. "ನಿನ್ನನ್ನಾದ್ರೂ ಕೇಳಿದ್ರಾ ಅಂತ ನನ್ನ ಕೇಳ್ತಾವ್ರೆ ಅಪ್ಪ."

"ನೀನೇನಂದೆ?"

"ಇನ್ನೂ ಇಲ್ಲ ಅಂದೆ."

ಭಾವ ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ನನಗೆ ನೆನಪಿದ್ದಂತೆ ಅವರು ಮಗಳಿಗೆ ಕಾಲೇಜು ಹುಡುಕಿದ್ದರು, ವರ ಹುಡುಕಿದ್ದರು, ಟಿಕೆಟ್ ತೆಗೆಸಿದ್ದರು. ಯಾವುದಕ್ಕೂ ಕೇಳಿದ್ದು ಕಂಡಿರಲಿಲ್ಲ.

"ಆಯ್ತು, ಈಗ ಕೇಳ್ತೀನಿ. ನೀನು ಏನಂತೀಯಮ್ಮ?"

"ಭಯ ನಂಗೂ ಆಗ್ತದಪ್ಪ. ಮೊದಲ್ನೇ ವರ್ಷ ನಾನೂ ಬಾಟ್ಲಿ ನೀರೇ ಕುಡೀತಿದ್ದೆ. ಆಮೇಲೆ ವಾರ್ಡಲ್ಲಿ ಆ ಹಳ್ಳಿಗಳಿಂದ ಬರೋರ್ನ ನೋಡ್ದೆ. ಅವ್ರಿಗೆ ಸೂಜಿ ಚುಚ್ಚಿ ರಕ್ತ ತೆಗ್ಯೋದು ಕಲ್ತೆ. ಈಗ ಅರ್ಧಕ್ಕೆ ಬುಟ್ಟು ಬಂದ್ರೆ ನಾನು ಯಾವ ಊರಿಗೂ ಡಾಕ್ಟ್ರಲ್ಲ. ಮುಗಿಸ್ಕಂಡೇ ಬತ್ತೀನಿ."

"ಅಲ್ಲೇನಾದ್ರೂ ಮತ್ತೆ ಯುದ್ಧ ಶುರುವಾದ್ರೆ?"

"ಆಗ ನೀವಿಬ್ರೂ ಇಲ್ಲಿಗೆ ಬನ್ನಿ. ಹಸಾನೂ ಹತ್ತಿಸ್ಕಂಡು."

ಭಾವ ಮೂರನೇ ಟಿಕೆಟ್ ರದ್ದು ಮಾಡು ಎಂದು ನನಗೆ ಹೇಳಲಿಲ್ಲ. ಫೋನು ತೆಗೆದು ನನ್ನ ಕೈಗೆ ಕೊಟ್ಟರು. ರದ್ದು ಮಾಡಿದೆ.

ಹೊರಡುವ ದಿನ ಅವರು ಖಾಲಿ ಬಾಟಲಿಗಳಲ್ಲಿ ಎರಡನ್ನು ಅಜ್ಜಿಯ ಮನೆಯ ನಲ್ಲಿಗೆ ಹಿಡಿದು ತುಂಬಿಸಿಕೊಂಡರು. ಈ ಸಲ ಮುಚ್ಚಳಗಳನ್ನು ನಾನೇ ಬಿಗಿ ಮಾಡಿದೆ.

ಮತ್ತೆ ಹೊಸಕೋಟೆ

ಹುಡುಗಿ ಏಕೆ ಬರಲಿಲ್ಲವೆಂದು ಕೇಳಲು ಕೊರಟಗೆರೆಯವರು ಮುಂದಿನ ವಾರ ಬಂದರು. ಹುಡುಗನ ತಂದೆ, ತಾಯಿ. ಅಕ್ಕ ಎರಡು ದಿನ ಮಾತು ಬಿಟ್ಟಿದ್ದವಳು ಅವರೆದುರು ಗಂಡನ ಪಕ್ಕಕ್ಕೇ ಬಂದು ನಿಂತಳು.

ಭಾವ ಎರಡು ಬಾಟಲಿ ತಂದು ಟೀಪಾಯಿಯ ಮೇಲಿಟ್ಟರು.

"ಇದು ನನ್ನ ಮಗ್ಳು ಕುಡಿಯೋ ಸೆಮೆಯ್ ನೀರು. ಇದು ನಮ್ಮ ಹೊಸಕೋಟೆ ಬೋರ್‌ವೆಲ್‌ದು. ಟೀ ಯಾವುದ್ರಾಗೆ ಮಾಡಿಸ್ಲಿ, ನೀವೇ ಹೇಳಿ."

ಹುಡುಗನ ತಂದೆ ಹೆಂಡತಿಯ ಮುಖ ನೋಡಿದರು. ಆಕೆ ಭಾವನ ಹಲ್ಲು ನೋಡಿದರು. ನಂತರ ಸಂಕೋಚದಿಂದ ತಮ್ಮ ಚೀಲದ ಜಿಪ್ ಎಳೆದು ಒಂದು ದೊಡ್ಡ ಬಾಟಲಿ ಹೊರತೆಗೆದರು.

"ಬೇಜಾರ್ ಮಾಡ್ಕೋಬೇಡಿ ಅಣ್ಣ. ಈ ಕಡೆ ಬರೋವಾಗ ನಾವು ಕೊರಟಗೆರೆ ನೀರೇ ತಂದ್ಬುಡ್ತೀವಿ."

ಭಾವ ಕಂದು ಹಲ್ಲು ಪೂರಾ ಕಾಣುವಂತೆ ನಕ್ಕರು. ಸೆಮೆಯ್ ನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು ಅರ್ಧ ಕುಡಿದು, ಅರ್ಧವನ್ನು ಅಕ್ಕನ ಕಡೆ ಚಾಚಿದರು. ಅಕ್ಕ ಒಂದು ಕ್ಷಣ ಲೋಟ ನೋಡಿದಳು. ಕುಡಿದಳು.

"ನಿಮ್ಮ ನೀರಾಗೇ ಟೀ ಆಗ್ಲಿ" ಎಂದು ಭಾವ ಕೊರಟಗೆರೆಯ ಬಾಟಲಿ ಎತ್ತಿಕೊಂಡು ಅಡುಗೆಮನೆಗೆ ನಡೆದರು.

"ಸಂಬಂಧದ ವಿಷ್ಯ..." ಎಂದರು ಹುಡುಗನ ತಂದೆ.

ಭಾವ ಬಾಗಿಲಲ್ಲಿ ತಿರುಗಿ ನಿಂತರು. "ಅವ್ಳಿಗೆ ಪರೀಕ್ಷೆ ನಡೀತೈತೆ ಸ್ವಾಮಿ. ಮುಗೀಲಿ. ಕೇಳಿ ಹೇಳ್ತೀನಿ."